ಸೋತ ತರಬೇತುದಾರ, ಗೆದ್ದ ಆಟ: ಬ್ಯಾಸ್ಕೆಟ್‌ಬಾಲ್ ಜನಕ ನೈಸ್ಮಿತ್ ಬದುಕಿನ ಪುಟಗಳು

ಅಂತರ ಕಾಲೇಜು ಪಂದ್ಯಾವಳಿಗಳ ದಿನಗಳು ಬಂದವೆಂದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕಾಲೇಜು ಅಂಗಳಗಳಲ್ಲಿ ಒಂದು ಚರ್ಚೆ ತಪ್ಪದು. ದೊಡ್ಡಬಳ್ಳಾಪುರವಿರಲಿ, ದೇವನಹಳ್ಳಿಯಿರಲಿ, ಹೊಸಕೋಟೆ ಅಥವಾ ನೆಲಮಂಗಲವಿರಲಿ, ತಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ರಾಜಧಾನಿಯ ಬಲಿಷ್ಠ ತಂಡಗಳೆದುರು ಮಣಿದು ಬಂದಾಗ ಅಭಿಮಾನಿಗಳು ಸೋಲಿನ ಕಾರಣ ಹುಡುಕಲು ಕೂರುತ್ತಾರೆ. ಎತ್ತರದ ಆಟಗಾರರಿಲ್ಲ ಎನ್ನುವವರು ಕೆಲವರು. ಒಳ್ಳೆಯ ಅಂಕಣವಿಲ್ಲ ಎನ್ನುವವರು ಹಲವರು. ನುರಿತ ತರಬೇತುದಾರನಿದ್ದಿದ್ದರೆ ಕತೆಯೇ ಬೇರೆಯಾಗುತ್ತಿತ್ತು ಎಂಬುದು ಬಹುತೇಕರ ಅಂತಿಮ ತೀರ್ಪು. ಕೊನೆಗೆ ಮಾತು ಹಳೆಯ ಕಾಲದತ್ತ ಹೊರಳುತ್ತದೆ. ಹಿಂದಿನವರ ಆಟವೇ ಆಟ ಎಂಬ ನಿಟ್ಟುಸಿರಿನೊಂದಿಗೆ ಸಭೆ ಚೆದುರುತ್ತದೆ.

ಈ ಆಟದ ತೀರಾ ಹಿಂದಿನ ಕಾಲಕ್ಕೆ ಹೋದರೆ ಅಲ್ಲಿ ಕಾಣುವುದು ಕೂಡ ಒಂದು ಸೋತ ಕಾಲೇಜು ತಂಡವೇ. ಆ ತಂಡದ ತರಬೇತುದಾರ ಬೇರಾರೂ ಅಲ್ಲ, ಬ್ಯಾಸ್ಕೆಟ್‌ಬಾಲ್ ಆಟವನ್ನು ಸೃಷ್ಟಿಸಿದ ಡಾ. ಜೇಮ್ಸ್ ನೈಸ್ಮಿತ್. ಇಂದು 200ಕ್ಕೂ ಹೆಚ್ಚು ದೇಶ, ಪ್ರಾಂತ್ಯಗಳಲ್ಲಿ ಆಡಲಾಗುತ್ತಿರುವ ಆಟವೊಂದನ್ನು ಕೇವಲ ಎರಡು ವಾರಗಳಲ್ಲಿ ರೂಪಿಸಿದ ಈ ವ್ಯಕ್ತಿ, ತಾವು ತರಬೇತಿ ನೀಡಿದ ವಿಶ್ವವಿದ್ಯಾಲಯದ ತಂಡದೊಂದಿಗೆ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆ ಸೋಲುಗಳನ್ನು ಅವರು ಹೇಗೆ ಕಂಡರು, ಅವರ ಶಿಷ್ಯರು ಹೇಗೆ ಕಂಡರು ಎಂಬುದರಲ್ಲಿ ಆಟದ ಇತಿಹಾಸದ ಮುಖ್ಯ ಅಧ್ಯಾಯವೊಂದು ಅಡಗಿದೆ.

ಅನಾಥ ಬಾಲಕ

ಜೇಮ್ಸ್ ನೈಸ್ಮಿತ್ ಜನಿಸಿದ್ದು 1861ರ ನವೆಂಬರ್ 6ರಂದು, ಕೆನಡಾ ದೇಶದ ಆಂಟಾರಿಯೋ ಪ್ರಾಂತ್ಯದ ಆಲ್ಮಾಂಟ್ ಎಂಬ ಪುಟ್ಟ ಊರಿನ ಬಳಿ. ತಂದೆ ಜಾನ್ ನೈಸ್ಮಿತ್, ತಾಯಿ ಮಾರ್ಗರೆಟ್ ಯಂಗ್. ಸ್ಕಾಟ್‌ಲೆಂಡ್‌ನಿಂದ ವಲಸೆ ಬಂದ ಮನೆತನ. ಮರದ ದಿಮ್ಮಿಗಳನ್ನು ಕೊಯ್ಯುವ ಕಾರ್ಖಾನೆಯೇ ತಂದೆಯ ಜೀವನೋಪಾಯವಾಗಿತ್ತು.

1870ರಲ್ಲಿ ಈ ಸಂಸಾರದ ಮೇಲೆ ಸಿಡಿಲೆರಗಿತು. ವಿಷಮಶೀತ ಜ್ವರಕ್ಕೆ ತಂದೆ ತಾಯಿ ಇಬ್ಬರೂ ಬಲಿಯಾದರು. ಒಂಬತ್ತರ ಹರೆಯದ ಬಾಲಕ ಒಡಹುಟ್ಟಿದವರೊಂದಿಗೆ ಅಜ್ಜಿಯ ಮಡಿಲು ಸೇರಿದ. ಅಜ್ಜಿಯೂ ತೀರಿಕೊಂಡ ಬಳಿಕ ಸೋದರಮಾವ ಪೀಟರ್ ಯಂಗ್ ಆಶ್ರಯ ನೀಡಿದರು. ಮಾವನದು ಕಟ್ಟುನಿಟ್ಟಿನ ಮನೆ. ಹೊಲದ ಕೆಲಸ, ಕುದುರೆಗಳ ಆರೈಕೆ, ಕಾಡಿನಲ್ಲಿ ಮರ ಕಡಿಯುವುದು ಎಲ್ಲವನ್ನೂ ಹುಡುಗ ಕಲಿಯಬೇಕಾಯಿತು.

ದುಡಿಮೆಯ ನಡುವೆ ಸಿಕ್ಕ ಬಿಡುವಿನಲ್ಲಿ ಊರಿನ ಕಮ್ಮಾರನ ಕುಲುಮೆಯ ಬಳಿ ಮಕ್ಕಳೆಲ್ಲ ಸೇರಿ ಕಲ್ಲಾಟವೊಂದನ್ನು ಆಡುತ್ತಿದ್ದರು. ದೊಡ್ಡ ಬಂಡೆಯ ಮೇಲೆ ಮುಷ್ಟಿ ಗಾತ್ರದ ಕಲ್ಲೊಂದನ್ನಿಟ್ಟು, ದೂರದಿಂದ ತಮ್ಮ ಕಲ್ಲುಗಳನ್ನೆಸೆದು ಅದನ್ನು ಕೆಡವುವುದು ಆಟ. ಎಸೆದ ಕಲ್ಲನ್ನು ಓಡಿಹೋಗಿ ಮರಳಿ ತರುವಷ್ಟರಲ್ಲಿ ಬಂಡೆಯ ಕಾವಲುಗಾರ ಮುಟ್ಟಿದರೆ ಆಟಗಾರ ಔಟ್. ನಮ್ಮ ಹಳ್ಳಿಗಳ ಲಗೋರಿಯನ್ನು ಬಲ್ಲವರಿಗೆ ಇದರ ರುಚಿ ಹೇಳಿಕೊಡಬೇಕಾಗಿಲ್ಲ. ಕಲ್ಲನ್ನು ಬಿರುಸಾಗಿ ನೇರಕ್ಕೆ ಎಸೆದರೆ ಅದು ಗುರಿ ತಪ್ಪಿ ಬಹುದೂರ ಹೋಗಿ ಬೀಳುತ್ತಿತ್ತು. ಕಮಾನಿನಂತೆ ಮೇಲಕ್ಕೆ ಮೆಲ್ಲನೆ ಎಸೆದವನೇ ಜಾಣ. ಈ ಸಣ್ಣ ಸತ್ಯವನ್ನು ಹುಡುಗ ಮರೆಯಲಿಲ್ಲ.

ಹದಿಹರೆಯದಲ್ಲಿ ಶಾಲೆ ಬಿಟ್ಟ ಜೇಮ್ಸ್ ಕೆಲ ವರ್ಷ ಮರ ಕಡಿಯುವ ಕೂಲಿಯಾಳುಗಳ ಶಿಬಿರಗಳಲ್ಲಿ ದುಡಿದ. ಆಮೇಲೆ ಮನಸ್ಸು ಬದಲಾಯಿಸಿ, ತನಗಿಂತ ಎಷ್ಟೋ ಕಿರಿಯರೊಂದಿಗೆ ಶಾಲೆಯ ಬೆಂಚಿನಲ್ಲಿ ಮತ್ತೆ ಕುಳಿತ. ಪಾದ್ರಿಯಾಗಬೇಕೆಂಬ ಹಂಬಲದಿಂದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿ ಪದವಿ ಪಡೆದ ನೈಸ್ಮಿತ್, 1890ರಲ್ಲಿ ದೈವಶಾಸ್ತ್ರದ ವ್ಯಾಸಂಗವನ್ನೂ ಮುಗಿಸಿದರು.

ಆದರೆ ಮೆಕ್‌ಗಿಲ್‌ನಲ್ಲಿ ಅವರಿಗೆ ಮೈದಾನದ ಗೀಳು ಹತ್ತಿತ್ತು. ರಗ್ಬಿ, ಲಕ್ರಾಸ್, ಜಿಮ್ನಾಸ್ಟಿಕ್ಸ್ ಎಲ್ಲದರಲ್ಲೂ ಅವರು ಮುಂದು. ಪಾದ್ರಿಯಾಗುವವನಿಗೆ ಒರಟು ಆಟಗಳೇಕೆ ಎಂಬುದು ಬಂಧುಗಳ, ಸಹಪಾಠಿಗಳ ಆಕ್ಷೇಪ. ಪ್ರವಚನ ಪೀಠದಿಂದ ತಲುಪಲಾಗದ ಯುವಕರನ್ನು ಆಟದ ಮೈದಾನದಲ್ಲಿ ತಲುಪಬಹುದು ಎಂಬುದು ನೈಸ್ಮಿತ್ ಕಂಡುಕೊಂಡ ಉತ್ತರ. ಸೋದರಿ ಆನಿಯ ಅಸಮಾಧಾನವನ್ನೂ ಲೆಕ್ಕಿಸದೆ ಅವರು ಅದೇ ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರಕ್ಕೆ ಹೊರಟರು. ಅಲ್ಲಿದ್ದ ವೈಎಂಸಿಎ ತರಬೇತಿ ಶಾಲೆ ದೈಹಿಕ ಶಿಕ್ಷಕರನ್ನು ಸಿದ್ಧಪಡಿಸುತ್ತಿತ್ತು.

ಹದಿನಾಲ್ಕು ದಿನಗಳ ಗಡುವು

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಚಳಿಗಾಲವೆಂದರೆ ಮೈದಾನದ ತುಂಬ ಹಿಮ. ಬೇಸಿಗೆಯ ಬೇಸ್‌ಬಾಲ್‌ಗೂ ಶರತ್ಕಾಲದ ಫುಟ್‌ಬಾಲ್‌ಗೂ ಒಗ್ಗಿದ್ದ ವಿದ್ಯಾರ್ಥಿಗಳು ಚಳಿಗಾಲವಿಡೀ ನಾಲ್ಕು ಗೋಡೆಗಳ ನಡುವೆ ಕವಾಯತು, ಕಸರತ್ತು ಮಾಡಬೇಕಾಗಿತ್ತು. 1891ರಲ್ಲಿ 18 ಮಂದಿಯ ತರಗತಿಯೊಂದು ಈ ಬೇಸರದ ವಿರುದ್ಧ ಬಹಿರಂಗವಾಗಿಯೇ ಮುನಿಸಿಕೊಂಡಿತು. ಇಬ್ಬರು ಶಿಕ್ಷಕರು ಆ ತರಗತಿಯನ್ನು ನಿಭಾಯಿಸಲಾಗದೆ ಕೈಚೆಲ್ಲಿದರು. ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥ ಲೂಥರ್ ಗ್ಯೂಲಿಕ್ ಆ ಹೊರೆಯನ್ನು ನೈಸ್ಮಿತ್ ಹೆಗಲಿಗೆ ಹೊರಿಸಿದರು. ಒಳಾಂಗಣದಲ್ಲಿ ಆಡಬಹುದಾದ, ಎಲ್ಲರನ್ನೂ ಹಿಡಿದಿಡಬಲ್ಲ ಹೊಸ ಆಟವೊಂದನ್ನು 14 ದಿನಗಳಲ್ಲಿ ರೂಪಿಸಬೇಕೆಂಬುದು ಗಡುವು.

ಮೊದಲ ದಿನಗಳ ಪ್ರಯತ್ನಗಳೆಲ್ಲ ನೆಲಕಚ್ಚಿದವು. ಹೊರಾಂಗಣದ ಆಟಗಳನ್ನೇ ತಿದ್ದಿ ಒಳಕ್ಕೆ ತರಲು ನೈಸ್ಮಿತ್ ಯತ್ನಿಸಿದರು. ಅಮೆರಿಕನ್ ಫುಟ್‌ಬಾಲ್ ತಂದರೆ ಗಟ್ಟಿ ನೆಲದ ಮೇಲೆ ಬಿದ್ದು ಮೈಕೈ ಮುರಿಯುವ ಭಯ. ಸಾಕರ್ ತಂದರೆ ಕಿಟಕಿಯ ಗಾಜುಗಳಿಗೆ ಗಂಡಾಂತರ. ಲಕ್ರಾಸ್ ತಂದರೆ ಕೋಲಿನ ಪೆಟ್ಟು. ಗಡುವು ಮುಗಿಯುತ್ತ ಬಂದಿತ್ತು.

ಆಗ ಅವರು ಆಟಗಳನ್ನು ಬಿಟ್ಟು ಆಟಗಳ ಒಳಗುಟ್ಟನ್ನು ವಿಶ್ಲೇಷಿಸತೊಡಗಿದರು. ಚೆಂಡು ದೊಡ್ಡದಾಗಿಯೂ ಮೃದುವಾಗಿಯೂ ಇದ್ದರೆ ಕೋಲು ಬೇಕಿಲ್ಲ, ಪೆಟ್ಟೂ ಇಲ್ಲ. ಆಟಗಾರನೊಬ್ಬ ಚೆಂಡು ಹಿಡಿದು ಓಡುವುದರಿಂದಲೇ ಉಳಿದವರು ಅವನನ್ನು ಕೆಡವಬೇಕಾಗುತ್ತದೆ. ಚೆಂಡು ಹಿಡಿದವನು ಓಡಬಾರದು, ನಿಂತಲ್ಲಿಂದಲೇ ಎಸೆಯಬೇಕು ಎಂದಾದರೆ ಕೆಡವುವ ಅಗತ್ಯವೇ ಉಳಿಯದು. ಇನ್ನು ಗೋಲು ನೆಲದ ಮೇಲಿದ್ದರೆ ಬಿರುಸಿನ ಹೊಡೆತಕ್ಕೇ ಬೆಲೆ. ಅದು ತಲೆಯ ಮೇಲೆ, ಬಾಯಿ ಆಕಾಶಕ್ಕೆ ತೆರೆದಂತೆ ಇದ್ದರೆ? ಆಗ ಬಲವಲ್ಲ, ಚೆಂಡನ್ನು ಕಮಾನಿನಂತೆ ಮೇಲಕ್ಕೆ ತೂರುವ ಕೌಶಲವೇ ಮುಖ್ಯವಾಗುತ್ತದೆ. ಕಮ್ಮಾರನ ಕುಲುಮೆಯ ಬಳಿಯ ಕಲ್ಲಾಟ ಇಲ್ಲಿ ನೆರವಿಗೆ ಬಂದಿತ್ತು.

ಹೀಗೆ ಹುಟ್ಟಿದ 13 ನಿಯಮಗಳನ್ನು ಬೆರಳಚ್ಚು ಮಾಡಿಸಿ ವ್ಯಾಯಾಮಶಾಲೆಯ ಫಲಕಕ್ಕೆ ಅಂಟಿಸಲಾಯಿತು. ಗೋಲಿಗಾಗಿ ಎರಡು ಚೌಕ ಪೆಟ್ಟಿಗೆಗಳನ್ನು ತರುವಂತೆ ಕಟ್ಟಡ ನೋಡಿಕೊಳ್ಳುತ್ತಿದ್ದ ಸ್ಟೆಬಿನ್ಸ್‌ಗೆ ನೈಸ್ಮಿತ್ ಕೇಳಿದರು. ಪೆಟ್ಟಿಗೆ ಇರಲಿಲ್ಲ. ಆತ ಉಗ್ರಾಣದಿಂದ ತಂದದ್ದು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು. ಅವನ್ನೇ ಮೇಲಂತಸ್ತಿನ ಮೊಗಸಾಲೆಯ ಕಟಕಟೆಗೆ ಎರಡೂ ಬದಿಯಲ್ಲಿ ಮೊಳೆ ಹೊಡೆದು ನಿಲ್ಲಿಸಲಾಯಿತು. ಕಟಕಟೆ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಇಂದಿಗೂ ಜಗತ್ತಿನ ಎಲ್ಲ ಅಂಕಣಗಳಲ್ಲಿ ಬುಟ್ಟಿಯ ಎತ್ತರ 10 ಅಡಿಯೇ. ಆ ಕಟ್ಟಡದ ಮೊಗಸಾಲೆ ಎಷ್ಟು ಎತ್ತರವಿತ್ತೋ ಅಷ್ಟೇ ಎತ್ತರಕ್ಕೆ ಜಗತ್ತಿನ ಆಟಗಾರರೆಲ್ಲ ಇಂದಿಗೂ ಜಿಗಿಯುತ್ತಿದ್ದಾರೆ!

ಒಂದೇ ಒಂದು ಗೋಲು

1891ರ ಡಿಸೆಂಬರ್ 21ರಂದು ಮೊದಲ ಪಂದ್ಯ ನಡೆಯಿತೆಂದು ದಾಖಲಾಗಿದೆ. ತರಗತಿಯಲ್ಲಿ 18 ಮಂದಿ ಇದ್ದುದರಿಂದ ತಂಡಕ್ಕೆ ಒಂಬತ್ತು ಮಂದಿ. ಸಾಕರ್ ಚೆಂಡಿನೊಂದಿಗೆ ಆಡಿದ ಆ ಪಂದ್ಯದಲ್ಲಿ ಗೋಲಾದದ್ದು ಒಂದೇ ಒಂದು. ವಿಲಿಯಂ ಚೇಸ್ ಎಂಬ ವಿದ್ಯಾರ್ಥಿ ದೂರದಿಂದ ತೂರಿದ ಚೆಂಡು ಬುಟ್ಟಿಗೆ ಬಿತ್ತು. ಬುಟ್ಟಿಗೆ ತಳವಿದ್ದುದರಿಂದ ಚೆಂಡು ಒಳಗೇ ಉಳಿಯಿತು. ಏಣಿ ಹಾಕಿ ತೆಗೆಯಬೇಕಾಯಿತು.

ಮುನಿಸಿಕೊಂಡಿದ್ದ ತರಗತಿ ಆಟ ಬಿಟ್ಟು ಕದಲಲಿಲ್ಲ. ಆಟಕ್ಕೆ ನೈಸ್ಮಿತ್ ಹೆಸರನ್ನೇ ಇಡಬೇಕೆಂದು ಒಬ್ಬ ವಿದ್ಯಾರ್ಥಿ ಸೂಚಿಸಿದಾಗ ಅವರು ನಕ್ಕು ತಳ್ಳಿಹಾಕಿದರು. ಬುಟ್ಟಿ ಇದೆ, ಚೆಂಡು ಇದೆ, ಆದ್ದರಿಂದ ಬ್ಯಾಸ್ಕೆಟ್‌ಬಾಲ್ ಎಂಬ ಸರಳ ಹೆಸರೇ ನಿಂತಿತು. 1892ರ ಜನವರಿಯಲ್ಲಿ ಶಾಲೆಯ ಪತ್ರಿಕೆ ನಿಯಮಗಳನ್ನು ಪ್ರಕಟಿಸಿದ ಮೇಲೆ ವೈಎಂಸಿಎ ಶಾಖೆಗಳ ಮೂಲಕ ಆಟ ಕಾಳ್ಗಿಚ್ಚಿನಂತೆ ಹಬ್ಬಿತು.

ಮಹಿಳೆಯರು ಈ ಆಟವನ್ನು ಬಹುಬೇಗ ತಮ್ಮದಾಗಿಸಿಕೊಂಡರು. ಸಮೀಪದ ಶಾಲೆಯ ಶಿಕ್ಷಕಿಯರು ನೋಡಲು ಬಂದವರು ಆಡಲೂ ತೊಡಗಿದರು. ಹಾಗೆ ಆಡಿದವರಲ್ಲಿ ಒಬ್ಬರಾದ ಮಾಡ್ ಶೆರ್ಮನ್ ಅವರನ್ನು ನೈಸ್ಮಿತ್ 1894ರಲ್ಲಿ ವಿವಾಹವಾದರು. ದಂಪತಿಗೆ ಐವರು ಮಕ್ಕಳು.

ಅಭಿಮಾನಿಗಳ ಉಪಟಳವೂ ಆಟದಷ್ಟೇ ಹಳೆಯದು ಎಂಬುದು ಇಲ್ಲಿ ಉಲ್ಲೇಖನೀಯ. ಮೊಗಸಾಲೆಯಲ್ಲಿ ನಿಂತ ಪ್ರೇಕ್ಷಕರು ಕಟಕಟೆಯಿಂದ ಕೈಚಾಚಿ ತಮ್ಮ ತಂಡದ ಚೆಂಡನ್ನು ಬುಟ್ಟಿಗೆ ನೂಕುವುದು, ಎದುರಾಳಿಯ ಚೆಂಡನ್ನು ಆಚೆಗೆ ತಳ್ಳುವುದು ಮಾಡುತ್ತಿದ್ದರು. ಇದನ್ನು ತಡೆಯಲೆಂದೇ ಬುಟ್ಟಿಯ ಹಿಂದೆ ಹಲಗೆ ಬಂತು. ಇಂದು ಆಟಗಾರರು ಚೆಂಡನ್ನು ತಾಗಿಸಿ ಅಂಕ ಗಳಿಸುವ ಆ ಹಲಗೆ ಮೂಲತಃ ಅಭಿಮಾನಿಗಳಿಗೆ ಹಾಕಿದ ಬೇಲಿ!

ಕ್ಯಾನ್ಸಾಸ್‌ನ ಸೋಲುಗಳು

ತಮ್ಮ ಆಟ ದೇಶ ದೇಶಗಳಿಗೆ ಹಬ್ಬುತ್ತಿದ್ದರೂ ನೈಸ್ಮಿತ್ ಅದರ ಬೆನ್ನು ಹತ್ತಿ ಹೋಗಲಿಲ್ಲ. ಆಟದಿಂದ ಹಣ ಮಾಡುವ ಯೋಚನೆಯನ್ನೂ ಮಾಡಲಿಲ್ಲ. 1895ರಲ್ಲಿ ಡೆನ್ವರ್ ನಗರದ ವೈಎಂಸಿಎಗೆ ತೆರಳಿ, ಕೆಲಸದ ಜೊತೆಜೊತೆಗೆ ವೈದ್ಯಕೀಯ ವ್ಯಾಸಂಗ ಮಾಡಿ 1898ರಲ್ಲಿ ವೈದ್ಯ ಪದವಿ ಪಡೆದರು. ದೇಹವನ್ನು ತಿದ್ದುವವನಿಗೆ ದೇಹದ ಶಾಸ್ತ್ರ ತಿಳಿದಿರಬೇಕು ಎಂಬುದು ಅವರ ನಿಲುವಾಗಿತ್ತು.

ಅದೇ ವರ್ಷ ಲಾರೆನ್ಸ್ ಊರಿನಲ್ಲಿರುವ ಕ್ಯಾನ್ಸಾಸ್ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಕರೆದದ್ದು ಬ್ಯಾಸ್ಕೆಟ್‌ಬಾಲ್ ಕಲಿಸಲಿಕ್ಕಲ್ಲ. ಪ್ರಾರ್ಥನಾ ಮಂದಿರದ ಉಸ್ತುವಾರಿ ಮತ್ತು ದೈಹಿಕ ಶಿಕ್ಷಣದ ಹೊಣೆಗಾಗಿ. ಆಟದ ಜನಕನೇ ಬಂದ ಮೇಲೆ ತಂಡ ಕಟ್ಟದೆ ಇರಲಾದೀತೇ? ವಿದ್ಯಾರ್ಥಿಗಳು ಮುಂದಾದರು, ತಂಡ ಸಿದ್ಧವಾಯಿತು.

1899ರ ಫೆಬ್ರವರಿ 3ರಂದು ಆ ತಂಡ ಆಡಿದ ಮೊದಲ ಪಂದ್ಯದ ಫಲಿತಾಂಶ: ಕ್ಯಾನ್ಸಾಸ್ ಸಿಟಿ ವೈಎಂಸಿಎ ವಿರುದ್ಧ 5-16ರ ಸೋಲು.

ಮುಂದಿನ ಕತೆಯೂ ಬಹಳ ಬೇರೆಯಾಗಿರಲಿಲ್ಲ. ನೈಸ್ಮಿತ್ ಒಂಬತ್ತು ಋತುಗಳ ಕಾಲ ತಂಡದ ಹೊಣೆ ಹೊತ್ತರು. 55 ಗೆಲುವು, 60 ಸೋಲು. ಈ ವಿಶ್ವವಿದ್ಯಾಲಯದ ಪುರುಷರ ತಂಡ ಇಂದು 2,300ಕ್ಕೂ ಹೆಚ್ಚು ಗೆಲುವುಗಳನ್ನು ಕಂಡಿರುವ, ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ದೈತ್ಯ ಶಕ್ತಿ. 1952, 1988, 2008 ಮತ್ತು 2022ರಲ್ಲಿ ಅದು ರಾಷ್ಟ್ರೀಯ ಕಾಲೇಜು ಚಾಂಪಿಯನ್ ಪಟ್ಟ ಗೆದ್ದಿದೆ. ಅಂಥ ತಂಡದ ಸುದೀರ್ಘ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಏಕೈಕ ತರಬೇತುದಾರನೆಂದರೆ ಆಟವನ್ನು ಸೃಷ್ಟಿಸಿದ ನೈಸ್ಮಿತ್!

ಇದರಿಂದ ಅವರು ಕಂಗೆಟ್ಟ ಸೂಚನೆಗಳಿಲ್ಲ. ಎಷ್ಟೋ ಪಂದ್ಯಗಳಲ್ಲಿ ಅವರೇ ತೀರ್ಪುಗಾರರಾಗಿರುತ್ತಿದ್ದರು. ಬ್ಯಾಸ್ಕೆಟ್‌ಬಾಲ್‌ಗಿಂತ ಕುಸ್ತಿ, ಜಿಮ್ನಾಸ್ಟಿಕ್ಸ್‌ಗಳೇ ದೇಹಕ್ಕೆ ಹೆಚ್ಚು ಹಿತ ಎಂದು ನಂಬಿದ್ದರು. ಅವರಿಗೆ ಆಟವೆಂಬುದು ಯುವಕನ ಮೈಯನ್ನೂ ಮನಸ್ಸನ್ನೂ ಹದಗೊಳಿಸುವ ಸಾಧನ. ಅಂಕಗಳ ಪಟ್ಟಿ ಆ ಹದವನ್ನು ಅಳೆಯಲಾರದು ಎಂಬುದು ಅವರ ದೃಢ ಅಭಿಪ್ರಾಯ.

ಗುರು ಶಿಷ್ಯರ ಭಿನ್ನಮತ

ನೈಸ್ಮಿತ್ ತಂಡದಲ್ಲಿ ಫಾರೆಸ್ಟ್ ಅಲೆನ್ ಎಂಬ ಯುವಕನಿದ್ದ. ಗಟ್ಟಿ ದನಿಯ ಈತನನ್ನು ಎಲ್ಲರೂ ಕರೆಯುತ್ತಿದ್ದುದು ಫಾಗ್ ಅಲೆನ್ ಎಂದು. ಸಮೀಪದ ಬೇಕರ್ ವಿಶ್ವವಿದ್ಯಾಲಯ ಈತನನ್ನು ಬ್ಯಾಸ್ಕೆಟ್‌ಬಾಲ್ ತರಬೇತುದಾರನಾಗಿ ಕರೆದಾಗ ನೈಸ್ಮಿತ್‌ಗೆ ನಗು ಬಂದಿತಂತೆ. ಈ ಆಟವನ್ನು ಆಡಬಹುದೇ ಹೊರತು ಆಡಿಸಲು ತರಬೇತಿ ಕೊಡುವುದು ಸಾಧ್ಯವಿಲ್ಲ ಎಂದು ಗುರು ಶಿಷ್ಯನಿಗೆ ಹೇಳಿದ ಕತೆ ಕ್ರೀಡಾಲೋಕದಲ್ಲಿ ಇಂದಿಗೂ ಜನಜನಿತ.

ಶಿಷ್ಯ ಗುರುವಿನ ಮಾತನ್ನು ಒಪ್ಪಲಿಲ್ಲ. 1907ರಲ್ಲಿ ನೈಸ್ಮಿತ್ ಸ್ಥಾನಕ್ಕೇ ಬಂದ ಅಲೆನ್, ನಡುವಿನ ಕೆಲ ವರ್ಷಗಳ ಬಳಿಕ 1919ರಿಂದ 1956ರವರೆಗೆ ಕ್ಯಾನ್ಸಾಸ್ ತಂಡವನ್ನು ಮುನ್ನಡೆಸಿದರು. ಕ್ಯಾನ್ಸಾಸ್‌ಗೆ 590 ಗೆಲುವು ತಂದುಕೊಟ್ಟರು. ಆಟಗಾರನ ಹೆಜ್ಜೆ, ಕೈ, ಕಣ್ಣು ಎಲ್ಲವನ್ನೂ ತಿದ್ದಬಹುದು, ತಂಡದ ಚಲನೆಯನ್ನು ಮೊದಲೇ ಯೋಚಿಸಿ ಹೆಣೆಯಬಹುದು ಎಂಬುದನ್ನು ತೋರಿಸಿಕೊಟ್ಟರು. ಅವರ ಕೈಯಲ್ಲಿ ಪಳಗಿದ ಅಡಾಲ್ಫ್ ರಪ್ ಕೆಂಟಕಿಯಲ್ಲಿ, ಡೀನ್ ಸ್ಮಿತ್ ನಾರ್ತ್ ಕೆರೊಲಿನಾದಲ್ಲಿ ಮಹಾನ್ ತರಬೇತುದಾರರೆನಿಸಿದರು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಗುರುಪರಂಪರೆಯ ದೊಡ್ಡ ಕೊಂಬೆಯೊಂದು ತರಬೇತಿಯನ್ನೇ ನಂಬದ ನೈಸ್ಮಿತ್‌ರ ಬುಡದಿಂದ ಚಿಗುರಿದ್ದು ವಿಚಿತ್ರವಾದರೂ ಸತ್ಯ.

ಹಾಗಾದರೆ ಗುರು ತಪ್ಪಿದರೇ? ತರಬೇತಿಯ ವಿಷಯದಲ್ಲಿ ತಪ್ಪಿದರೆಂದೇ ಹೇಳಬೇಕು. ಒಳ್ಳೆಯ ತರಬೇತುದಾರನಿದ್ದರೆ ತಂಡದ ಹಣೆಬರಹ ಬದಲಾಗುತ್ತದೆ ಎಂಬ ಅಭಿಮಾನಿಗಳ ವಾದವನ್ನು ಅಲೆನ್ ಅಂಕಿ ಅಂಶಗಳಿಂದಲೇ ಸಾಬೀತುಪಡಿಸಿದರು. ಆದರೆ ಆಟ ಯಾತಕ್ಕಾಗಿ ಎಂಬ ಪ್ರಶ್ನೆಗೆ ನೈಸ್ಮಿತ್ ಕೊಟ್ಟ ಉತ್ತರದ ತೂಕ ಮುಂದೆ ಬೇರೊಂದು ಪ್ರಸಂಗದಲ್ಲಿ ಗೊತ್ತಾಯಿತು.

ಮುಚ್ಚಿದ ಬಾಗಿಲು, ತೆರೆದ ಕೊಠಡಿ

ಮೊದಲ ಮಹಾಯುದ್ಧದ ಹೊತ್ತಿಗೆ ನೈಸ್ಮಿತ್ ಐವತ್ತು ದಾಟಿದ್ದರು. 1916ರಲ್ಲಿ ಮೆಕ್ಸಿಕೋ ಗಡಿಯಲ್ಲಿದ್ದ ಕ್ಯಾನ್ಸಾಸ್ ಸೇನಾ ತುಕಡಿಗೆ ಧರ್ಮಬೋಧಕರಾಗಿ ಹೋದ ಅವರು, ಬಳಿಕ ವೈಎಂಸಿಎ ಪರವಾಗಿ ಫ್ರಾನ್ಸ್‌ನಲ್ಲಿ ಸೈನಿಕರ ನಡುವೆ 19 ತಿಂಗಳು ಕಳೆದರು. ಮರಳಿದ ಮೇಲೆ ಅದೇ ವಿಶ್ವವಿದ್ಯಾಲಯ, ಅದೇ ಪಾಠಪ್ರವಚನ. 1925ರಲ್ಲಿ ಅಮೆರಿಕದ ಪೌರತ್ವ ಪಡೆದರು.

1933ರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕಪ್ಪು ವರ್ಣೀಯ ವಿದ್ಯಾರ್ಥಿ ದೈಹಿಕ ಶಿಕ್ಷಣ ಕಲಿಯಲು ಕ್ಯಾನ್ಸಾಸ್‌ಗೆ ಬಂದ. ಅಂದಿನ ಅಮೆರಿಕದಲ್ಲಿ ವರ್ಣಭೇದ ರಾರಾಜಿಸುತ್ತಿತ್ತು. ಕಪ್ಪು ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಬಾಗಿಲು ಮುಚ್ಚಿತ್ತು. ಆಟ ಹುಟ್ಟಿಸಿದ ಗುರುವಿನ ತರಗತಿಯಲ್ಲಿ ಕುಳಿತು ಆಟದ ತತ್ವಗಳನ್ನು ಕಲಿಯಬಹುದು, ಆದರೆ ಅದೇ ವಿಶ್ವವಿದ್ಯಾಲಯದ ಅಂಗಿ ತೊಟ್ಟು ಆಡುವಂತಿಲ್ಲ!

ನೇರವಾಗಿ ತಮ್ಮ ಕೊಠಡಿಗೆ ಬಂದ ಈ ಯುವಕನನ್ನು ನೈಸ್ಮಿತ್ ಶಿಷ್ಯನಾಗಿ ಸ್ವೀಕರಿಸಿದರು. ಈಜುಕೊಳದ ಬಳಕೆಗೆ ಅಡ್ಡಿ ಎದುರಾದಾಗ ಅವನ ಬೆಂಬಲಕ್ಕೆ ನಿಂತರು. 1936ರಲ್ಲಿ ಪದವಿ ಪಡೆದು ಹೊರಬಂದ ಮೆಕ್‌ಲೆಂಡನ್, ಮುಂದೆ ಟೆನೆಸೀ ರಾಜ್ಯದ ಕಪ್ಪು ವರ್ಣೀಯರ ಕಾಲೇಜು ತಂಡವೊಂದನ್ನು 1957, 1958 ಮತ್ತು 1959ರಲ್ಲಿ ಸತತ ಮೂರು ಬಾರಿ ಎನ್‌ಎಐಎ ರಾಷ್ಟ್ರೀಯ ಪ್ರಶಸ್ತಿಗೆ ಮುನ್ನಡೆಸಿದರು. ವೇಗದ ಆಟದ ಪ್ರವರ್ತಕರಲ್ಲಿ ಒಬ್ಬರೆಂದು ಅವರನ್ನು ಇಂದು ಸ್ಮರಿಸಲಾಗುತ್ತದೆ. ನೈಸ್ಮಿತ್‌ರ ಗೆಲುವುಗಳ ಪಟ್ಟಿಯಲ್ಲಿ ಈ ಪಂದ್ಯಗಳು ಸೇರಿಲ್ಲ. ಆದರೆ ಲೆಕ್ಕ ಹಾಕುವುದಾದರೆ ಸೇರಬೇಕಾದದ್ದು ಇವೇ.

ಬರ್ಲಿನ್‌ನ ಮಳೆ

ಬ್ಯಾಸ್ಕೆಟ್‌ಬಾಲ್ ಪದಕ ಸ್ಪರ್ಧೆಯಾಗಿ ಒಲಿಂಪಿಕ್ಸ್ ಪ್ರವೇಶಿಸಿದ್ದು 1936ರ ಬರ್ಲಿನ್ ಕೂಟದಲ್ಲಿ. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ಫಾಗ್ ಅಲೆನ್ ಪ್ರಮುಖರು. ಆದರೆ ಆಟದ ಜನಕನ ಬಳಿ ಬರ್ಲಿನ್‌ಗೆ ಹೋಗುವಷ್ಟು ಹಣವಿರಲಿಲ್ಲ. ಆಗ ಅಮೆರಿಕದ ತರಬೇತುದಾರರ ಸಂಘ ಮುಂದಾಯಿತು. ಶಾಲೆ ಕಾಲೇಜುಗಳ ಪಂದ್ಯಗಳಲ್ಲಿ ನೈಸ್ಮಿತ್ ಹೆಸರಿನಲ್ಲಿ ವಿಶೇಷ ದಿನಗಳನ್ನು ಆಚರಿಸಿ, ಟಿಕೆಟ್ ಹಣದಲ್ಲಿ ಪುಡಿಗಾಸು ಎತ್ತಿಡಲಾಯಿತು. ಹೀಗೆ ಅಭಿಮಾನಿಗಳು ಕೊಟ್ಟ ಬಿಡಿಗಾಸುಗಳೇ ಕೂಡಿ 74ರ ವೃದ್ಧ ನೈಸ್ಮಿತ್‌ರನ್ನು ಅಟ್ಲಾಂಟಿಕ್ ಸಾಗರ ದಾಟಿಸಿದವು.

ತರಬೇತಿಯನ್ನು ನಂಬದಿದ್ದ ವ್ಯಕ್ತಿಯನ್ನು ಅವರ ಜೀವನದ ಅತ್ಯುನ್ನತ ಗಳಿಗೆಗೆ ಕರೆದೊಯ್ದವರು ತರಬೇತುದಾರರು. ಅಂಕಪಟ್ಟಿಯನ್ನು ನಂಬದಿದ್ದವರಿಗೆ ದಾರಿಖರ್ಚು ಕೊಟ್ಟವರು ಅಂಕಗಳಿಗಾಗಿಯೇ ಕೂಗುವ ಅಭಿಮಾನಿಗಳು!

ಬರ್ಲಿನ್‌ನಲ್ಲಿ ಪಂದ್ಯಗಳು ನಡೆದದ್ದು ಸುಸಜ್ಜಿತ ಒಳಾಂಗಣದಲ್ಲಲ್ಲ, ಬಯಲಿನ ಟೆನಿಸ್ ಅಂಕಣಗಳ ಮಣ್ಣಿನಲ್ಲಿ. ಚಳಿಗಾಲದ ಹಿಮದಿಂದ ತಪ್ಪಿಸಿಕೊಳ್ಳಲು ಒಳಾಂಗಣಕ್ಕೆಂದೇ ಸೃಷ್ಟಿಯಾದ ಆಟದ ಮೊದಲ ಒಲಿಂಪಿಕ್ ಫೈನಲ್ ಸುರಿಯುವ ಮಳೆಯಲ್ಲಿ, ಕೆಸರಿನಲ್ಲಿ ನಡೆಯಿತು. ನೆಲಕ್ಕೆ ಬಡಿದ ಚೆಂಡು ಪುಟಿಯದೆ ಕೆಸರಿನಲ್ಲಿ ಕೂರುತ್ತಿತ್ತು. ಅಮೆರಿಕ 19-8ರಿಂದ ಕೆನಡಾವನ್ನು ಸೋಲಿಸಿತು. ಮೆಕ್ಸಿಕೋಗೆ ಮೂರನೇ ಸ್ಥಾನ. ಹುಟ್ಟಿದ ನಾಡು ಸೋತಿತ್ತು, ಬದುಕು ಕಟ್ಟಿಕೊಂಡ ನಾಡು ಗೆದ್ದಿತ್ತು. ಎರಡೂ ತಂಡಗಳಿಗೆ ಪದಕ ಪ್ರದಾನ ಮಾಡಿದವರು ನೈಸ್ಮಿತ್.

1937ರಲ್ಲಿ ಪತ್ನಿ ಮಾಡ್ ನಿಧನರಾದರು. ಅದೇ ವರ್ಷ ನೈಸ್ಮಿತ್ ವಿಶ್ವವಿದ್ಯಾಲಯದ ಸೇವೆಯಿಂದ ನಿವೃತ್ತರಾದರು. 1939ರಲ್ಲಿ ಫ್ಲಾರೆನ್ಸ್ ಕಿಂಕೇಡ್ ಅವರನ್ನು ವಿವಾಹವಾದ ಕೆಲವೇ ತಿಂಗಳಲ್ಲಿ, ನವೆಂಬರ್ 28ರಂದು, ಮೆದುಳಿನ ರಕ್ತಸ್ರಾವದಿಂದ ಲಾರೆನ್ಸ್‌ನಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 78 ವರ್ಷ. ಆಟದ ಹುಟ್ಟು ಬೆಳವಣಿಗೆಯ ಬಗ್ಗೆ ಅವರು ಬರೆದ ಪುಸ್ತಕ 1941ರಲ್ಲಿ, ಅವರ ಮರಣಾನಂತರ ಪ್ರಕಟವಾಯಿತು.

ಬದುಕಿರುವಾಗ ಬರ್ಲಿನ್ ಪ್ರಯಾಣಕ್ಕೆ ಹಣವಿಲ್ಲದಿದ್ದ ವ್ಯಕ್ತಿಯ 13 ನಿಯಮಗಳ ಮೂಲ ಪ್ರತಿ 2010ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಾದಾಗ ಬಂದ ಬೆಲೆ ಸುಮಾರು 43 ಲಕ್ಷ ಡಾಲರ್! ಅದನ್ನು ಕೊಂಡ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ ಡೇವಿಡ್ ಬೂತ್ ಆ ಹಾಳೆಗಳು ಲಾರೆನ್ಸ್‌ಗೇ ಮರಳುವಂತೆ ಮಾಡಿದರು. ಇಂದು ಅವು ಅಲ್ಲಿ ಸಾರ್ವಜನಿಕ ದರ್ಶನಕ್ಕಿವೆ.

ನಮ್ಮ ನಾಡಿಗೆ ಬಂದ ಬಗೆ

ಸ್ಪ್ರಿಂಗ್‌ಫೀಲ್ಡ್‌ನ ಆ 18 ಮಂದಿಯಲ್ಲಿ ಒಬ್ಬರಾದ ಡಂಕನ್ ಪ್ಯಾಟನ್ 1894ರಲ್ಲಿ ಈ ಆಟವನ್ನು ಭಾರತಕ್ಕೆ ತಂದರೆಂದು ಆಟದ ಇತಿಹಾಸ ಹೇಳುತ್ತದೆ. ಮೊದಲ ಪಂದ್ಯವನ್ನು ಆಡಿದವರ ಕೈಯಿಂದಲೇ ಭಾರತ ಈ ಆಟವನ್ನು ಪಡೆಯಿತೆಂಬುದು ಹೆಮ್ಮೆಯ ಸಂಗತಿ. ಮುಂದೆ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆಯನ್ನು ಸ್ಥಾಪಿಸಿದರು. ದಕ್ಷಿಣ ಭಾರತದ ಶಾಲೆ ಕಾಲೇಜುಗಳಿಗೆ ವ್ಯಾಯಾಮ ಶಿಕ್ಷಕರನ್ನು ಸಿದ್ಧಪಡಿಸಿದ ಸಂಸ್ಥೆಯದು. ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ 1934ರಲ್ಲಿ ಆರಂಭವಾಯಿತು. 1950ರಲ್ಲಿ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಸ್ಥಾಪನೆಯಾಯಿತು.

ಗ್ರಾಮಾಂತರ ಜಿಲ್ಲೆಯ ಹಳ್ಳಿಗಳಲ್ಲಿ ಎರಡು ಕಂಬ ನೆಟ್ಟು ಬಲೆ ಕಟ್ಟಿ ಆಡುವ ವಾಲಿಬಾಲ್ ಕೂಡ ಇದೇ ಬಳ್ಳಿಯ ಹೂವು. ಅದನ್ನು 1895ರಲ್ಲಿ ರೂಪಿಸಿದ ವಿಲಿಯಂ ಮಾರ್ಗನ್ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲೇ ಕಲಿತವರು. ಬ್ಯಾಸ್ಕೆಟ್‌ಬಾಲ್‌ನ ಓಟ, ತಳ್ಳಾಟ ತಾಳಲಾರದ ನಡುವಯಸ್ಸಿನವರಿಗೆಂದು ಆ ಆಟ ಹುಟ್ಟಿತು.

ಭಾರತದ ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಸೋಲಿನ ಪುಟಗಳಿಗೇನೂ ಕೊರತೆಯಿಲ್ಲ. ಪುರುಷರ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಮ್ಮೆ ಮಾತ್ರ. ಹಲವು ದೇಶಗಳ ಬಹಿಷ್ಕಾರದಿಂದ ತೆರವಾದ ಸ್ಥಾನದಲ್ಲಿ 1980ರ ಮಾಸ್ಕೋ ಕೂಟಕ್ಕೆ ಹೋದ ತಂಡ ಆಡಿದ ಏಳೂ ಪಂದ್ಯಗಳನ್ನು ಸೋತಿತು. ಆದರೂ ಅಂದು ಆಡಿದವರು ಒಲಿಂಪಿಯನ್‌ಗಳೆಂಬ ಗೌರವಕ್ಕೆ ಪಾತ್ರರಾದರು. 2015ರಲ್ಲಿ ಪಂಜಾಬಿನ ಸತ್ನಾಂ ಸಿಂಗ್ ಅಮೆರಿಕದ ಎನ್‌ಬಿಎ ತಂಡವೊಂದಕ್ಕೆ ಆಯ್ಕೆಯಾದ ಮೊದಲ ಭಾರತೀಯರೆನಿಸಿದರು.

ಬೆಂಗಳೂರಿನ ಪಾಲಿಗೆ ಸಿಹಿ ನೆನಪು ಬಿಟ್ಟುಹೋದದ್ದು 2017ರ ಜುಲೈ. ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತದ ವನಿತೆಯರು ಕಜಕಸ್ತಾನವನ್ನು 75-73ರಿಂದ, ಕೇವಲ ಎರಡು ಅಂಕಗಳ ಅಂತರದಿಂದ ಮಣಿಸಿದರು. 125 ವರ್ಷಗಳ ಹಿಂದೆ ಶಿಕ್ಷಕಿಯರನ್ನು ಅಂಕಣಕ್ಕೆ ಇಳಿಯಲು ಬಿಟ್ಟ ನೈಸ್ಮಿತ್ ಅದನ್ನು ಕಂಡಿದ್ದರೆ ಖಂಡಿತ ಮೆಚ್ಚುತ್ತಿದ್ದರು.

ಒಂದೇ ಸೂರಿನಡಿ ಎರಡು ಹೆಸರು

ಕ್ಯಾನ್ಸಾಸ್ ವಿಶ್ವವಿದ್ಯಾಲಯದ ತಂಡ 1955ರಿಂದ ಆಡುತ್ತಿರುವ ಒಳಾಂಗಣಕ್ಕೆ ಇಟ್ಟಿರುವುದು ಫಾಗ್ ಅಲೆನ್ ಹೆಸರನ್ನು. ಆದರೆ ಅದರೊಳಗಿನ ಅಂಕಣಕ್ಕೆ ಜೇಮ್ಸ್ ನೈಸ್ಮಿತ್ ಹೆಸರು. ಗೆಲ್ಲಲು ಕಲಿಸಿದವನ ಸೂರು, ಆಡಲು ಕಲಿಸಿದವನ ನೆಲ. ಗುರು ಶಿಷ್ಯರ ಭಿನ್ನಮತವನ್ನು ಆ ಊರಿನ ಅಭಿಮಾನಿಗಳು ಬಗೆಹರಿಸಿದ್ದು ಹೀಗೆ. ಇಬ್ಬರಲ್ಲಿ ಒಬ್ಬರನ್ನು ಅವರು ಕೈಬಿಡಲಿಲ್ಲ.

ತಮ್ಮ ಕಾಲೇಜು ತಂಡದ ಸೋಲಿಗೆ ಮರುಗುವ ನಮ್ಮ ಅಭಿಮಾನಿಗಳು ಒಳ್ಳೆಯ ಅಂಕಣ, ಒಳ್ಳೆಯ ತರಬೇತುದಾರ ಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಅಲೆನ್ ಬದುಕಿನ ಪಾಠವೂ ಅದೇ. ಆದರೆ ಸೋತ ತಂಡದ ಹುಡುಗ ಹುಡುಗಿಯರು ಮರುದಿನ ಸಂಜೆ ಮತ್ತೆ ಚೆಂಡು ಹಿಡಿದು ಅಂಕಣಕ್ಕೆ ಬಂದರೆ, ಮೊದಲ ಪಂದ್ಯವನ್ನು 5-16ರಿಂದ ಸೋತ ಆ ತಂಡವನ್ನೂ ಅದರ ತರಬೇತುದಾರನನ್ನೂ ಒಮ್ಮೆ ನೆನೆಯಬಹುದು. ಆ ಸೋಲಿಗೆ ಹೆದರಿ ಆಟವನ್ನು ಅಲ್ಲಿಗೇ ಕೈಬಿಟ್ಟಿದ್ದರೆ ಮುಂದಿನ ಗೆಲುವುಗಳಿಗೆ ಅಂಕಣವೇ ಇರುತ್ತಿರಲಿಲ್ಲ.